ಮನೆಯ ಚಿತ್ರಸಂಪುಟವೂ ಕ್ಯಾಮೆರಾವೂ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾನಸೂರು ಉಂಟು. ಅಡಿಕೆ ತೋಟಗಳ ಸೀಮೆ. ಆ ಕಡೆಯ ನಮ್ಮಂತಹ ಮನೆಯ ಹಳೆಯ ಚಿತ್ರಸಂಪುಟದಲ್ಲಿ ಮಳೆಗಾಲವೇ ಇಲ್ಲ, ಅಡಿಗೆಮನೆಯೂ ಇಲ್ಲ. ಹಿರಿಯರೂ ಮಕ್ಕಳೂ ಅಂಗಳದ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತಿರುವರು. ಇದಕ್ಕೆ ಕಾರಣವನ್ನು ಕ್ಯಾಮೆರಾದಲ್ಲಿಯೇ ಹುಡುಕಬೇಕು.

ಸಾಮಾನ್ಯ ಹವ್ಯಾಸಿಗಳಿಗೆ ಎಟಕುವ ಬೆಲೆಗೆ ಕ್ಯಾಮೆರಾ ದೊರೆತುದು 1900ರಲ್ಲಿ, ಈಸ್ಟ್‌ಮನ್ ಕೊಡಕ್ ಕಂಪೆನಿಯವರು ‘ಬ್ರೌನಿ’ ಎಂಬ ಪೆಟ್ಟಿಗೆ ಕ್ಯಾಮೆರಾವನ್ನು 1 ಡಾಲರಿಗೆ ಮಾರತೊಡಗಿದಾಗ. ಮುಂದೆ ನಮ್ಮ ದೇಶದ ಅನೇಕ ಮನೆಗಳಿಗೆ ಪರಿಚಿತವಾದುದು ಬರೋಡೆಯಲ್ಲಿ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್ 3’. ಒಂದು ಸುರುಳಿಗೆ 12 ಚಿತ್ರ. ಒಂದೊಂದೂ ಸುಮಾರು 6 ಸೆಂಟಿಮೀಟರಿನ ಚೌಕ. ನೆಗೆಟಿವನ್ನು ಕಾಗದದ ಮೇಲೆ ಒತ್ತಿಟ್ಟು ಬೆಳಕು ತೋರಿ ಸಂಸ್ಕರಿಸಿದರೆ ಅದೇ ಅಳತೆಯ ಚಿತ್ರ ಮೂಡುವುದು. ಹಿಗ್ಗಿಸುವ ಯಂತ್ರ ಬೇಕಿಲ್ಲ. ಹಳೆಯ ಸಂಪುಟಗಳಲ್ಲಿ ಅಂಗೈಗಿಂತ ಚಿಕ್ಕ ಚೌಕಗಳು ಕಾಣುವುದು ಇದರಿಂದಲೇ.

ಇಂತಹ ಕ್ಯಾಮೆರಾದ ಮಸೂರ ಸಾಧಾರಣದ್ದು. ಬೆಳಕು ಹೊಗುವ ಕಂಡಿಯನ್ನು ಹೆಚ್ಚು ಅಗಲಿಸುವಂತಿಲ್ಲ, ಷಟರಿನ ವೇಗವನ್ನು ಬೇಕಾದಂತೆ ಬದಲಿಸುವಂತಿಲ್ಲ. ಹಂಚಿನ ಮಾಡಿನ ಕೆಳಗಿನ ಮಬ್ಬು ಬೆಳಕು ಅದಕ್ಕೆ ಸಾಲದು. ಆದುದರಿಂದ ಮನೆಯವರೆಲ್ಲ ಅಂಗಳಕ್ಕೆ ಬರಬೇಕಾಯಿತು. ಒಲೆಯ ಮುಂದೆ ಆಯುಷ್ಯ ಕಳೆದ ಅಜ್ಜಿಯವರು ಚಿತ್ರದಲ್ಲಿ ಒಲೆಯಿಲ್ಲದೆಯೇ ಉಳಿದರು.

1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ‘ಲೈಕಾ’, ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸುವುದನ್ನು ಜನಪ್ರಿಯಗೊಳಿಸಿತು. ಸುರುಳಿಗೆ 36 ಚಿತ್ರಗಳಾದವು. ಆ ಫಿಲ್ಮಿನ ಅಗ್ಗದ ಕ್ಯಾಮೆರಾಗಳು ಫ್ಲ್ಯಾಷ್ ದೀಪದೊಡನೆ ಹಳ್ಳಿಗಳಿಗೆ ಬಂದ ಮೇಲೆ ಚಿತ್ರವು ಹೊಸ್ತಿಲು ದಾಟಿ ಒಳಗೆ ಹೋಯಿತು. ಇಂದಂತೂ ಕೈಯಲ್ಲಿರುವ ಫೋನೇ ಕ್ಯಾಮೆರಾ. ಮಳೆಯ ಸಂಜೆಯನ್ನೂ ಅದು ಹಿಡಿಯಬಲ್ಲುದು.

ಹಾಗೆಂದು ಹಳೆಯ ಚಿತ್ರಗಳನ್ನು ಅಲಕ್ಷಿಸಲಾಗದು. ಫಿಲ್ಮಿನ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವುದು ಜೆಲಾಟಿನ್ ಎಂಬ ಅಂಟು. ಮಲೆನಾಡಿನ ತೇವಕ್ಕೆ ಅದರಲ್ಲಿ ಬೂಷ್ಟು ಬೆಳೆಯುವುದು. ಬೆಚ್ಚಗಿರಲೆಂದು ಒಲೆಯ ಮೇಲಣ ಅಟ್ಟದಲ್ಲಿಟ್ಟರೆ ಹೊಗೆಯೂ ಶಾಖವೂ ಕೆಡಿಸುವುವು. ಒಣಹವೆಯ ದಿನ ಹೊರತೆಗೆದು, ಮೆತ್ತನೆಯ ಕುಂಚದಿಂದ ಧೂಳು ಸರಿಸಿ, ಕಾಗದದ ಲಕೋಟೆಗಳಲ್ಲಿ ಬೇರೆಬೇರೆಯಾಗಿ ಇಡುವುದು ಲೇಸು.

ಅದಕ್ಕಿಂತ ಮೊದಲು ಮಾಡಬೇಕಾದುದು ಒಂದುಂಟು. ಮನೆಯ ಹಿರಿಯರ ಬಳಿ ಕುಳಿತು ಪ್ರತಿಯೊಂದು ಮುಖದ ಹೆಸರನ್ನೂ ನಂಟನ್ನೂ ಕೇಳಿ, ಚಿತ್ರದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಬೇಕು. ಅಂಗಳದಲ್ಲಿ ನಿಂತವರು ಯಾರೆಂಬುದನ್ನು ಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿರುವರು. ಬರುವ ಮಳೆಗಾಲದೊಳಗೆ ಈ ಕೆಲಸವನ್ನು ಮುಗಿಸಿಕೊಂಡರೆ ಒಳ್ಳೆಯದು.