ಸೀಸದ ಗೆರೆ, ಬಣ್ಣದ ಬೆಳಕು

ಕಟ್ಟಡದೊಳಗೆ ಬೆಳಕು ಹೇಗೆ ಬರಬೇಕು ಎಂದು ಯೋಚಿಸಿದ ನಾಡು ನಮ್ಮದು. ಹಾವೇರಿಯ ಪುರದ ಸಿದ್ಧೇಶ್ವರ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ, ಎರಡೂ ಕಲ್ಯಾಣ ಚಾಲುಕ್ಯ ಶೈಲಿಯ ಗುಡಿಗಳು. ಈ ಶೈಲಿಯಲ್ಲಿ ಒಳಬಾಗಿಲ ಇಕ್ಕೆಲಗಳಲ್ಲಿ ಜಾಲಂಧ್ರ ಕೂರಿಸುವುದು ವಾಡಿಕೆ. ಕಲ್ಲಿನ ಹಲಗೆಯನ್ನು ಬಳ್ಳಿ, ಹೂವು, ಚೌಕಗಳಾಗಿ ಕೊರೆದು, ಉಳಿದ ಸಂದಿನಿಂದ ಬೆಳಕನ್ನು ಒಳಗೆ ಬಿಡುವ ಕಿಟಕಿ ಅದು. ಊರಿನ ಮಾಳಿಗೆ ಮನೆಗಳಲ್ಲಿ ಅದೇ ಕೆಲಸವನ್ನು ಬೆಳಕಿಂಡಿ ಮಾಡಿತು.

ಹಾವೇರಿಯ ಗುಡಿ ಎದ್ದ 12ನೇ ಶತಮಾನದಲ್ಲೇ ಯುರೋಪಿನಲ್ಲಿ ಥಿಯೋಫಿಲಸ್ ಎಂಬ ಸನ್ಯಾಸಿ ತನ್ನ ಕಾಲದ ಕುಶಲಕಲೆಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದ. ಬಣ್ಣದ ಗಾಜಿನ ಕಿಟಕಿ ಕಟ್ಟುವ ಬಗೆ ಅದರಲ್ಲಿ ಹಂತಹಂತವಾಗಿ ಇದೆ. ಇಂದು ಯಾವುದೇ ಕಮ್ಮಟಕ್ಕೆ ಹೋದರೂ ಕೆಲಸದ ಕ್ರಮ ಬಹುಪಾಲು ಅದೇ.

ಕಟ್ಟುವ ಬಗೆ

ಮೊದಲು ಕಿಟಕಿಯ ಅಳತೆಗೆ ಸರಿಯಾಗಿ ಪೂರ್ತಿ ಚಿತ್ರ ಬರೆದುಕೊಳ್ಳಬೇಕು. ಥಿಯೋಫಿಲಸ್ ಸುಣ್ಣ ಬಳಿದ ಹಲಗೆಯ ಮೇಲೆ ಬರೆಯಲು ಹೇಳಿದ, ಈಗ ಕಾಗದ ಇದೆ. ಗಾಜಿನ ಒಂದೊಂದು ತುಂಡಿಗೂ ಅಂಕಿ ಹಾಕಿ, ಆ ಆಕಾರಕ್ಕೆ ಗಾಜನ್ನು ಕೊಯ್ಯುತ್ತಾರೆ. ಅಂದು ಕಾದ ಕಬ್ಬಿಣ ತಾಗಿಸಿ ಸೀಳುತ್ತಿದ್ದರು, ಇಂದು ಗಾಜಿನಂಗಡಿಯ ಪುಟ್ಟ ಕಟರ್ ಸಾಕು. ಮುಖ, ಕೈಬೆರಳು, ಬಟ್ಟೆಯ ನೆರಿಗೆ ಮುಂತಾದ ಗೆರೆಗಳನ್ನು ಲೋಹದ ಆಕ್ಸೈಡು ಮತ್ತು ಗಾಜಿನ ಪುಡಿ ಕೂಡಿದ ಬಣ್ಣದಲ್ಲಿ ಬರೆದು, 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕುಲುಮೆಯಲ್ಲಿ ಸುಡುತ್ತಾರೆ. ಗೆರೆ ಗಾಜಿಗೇ ಅಂಟಿ ಕೂರುತ್ತದೆ.

ಆಮೇಲೆ ಸೀಸದ ಸರದಿ. ಎರಡೂ ಮಗ್ಗುಲಲ್ಲಿ ಉದ್ದಕ್ಕೆ ತೋಡು ಇರುವ ಸೀಸದ ಪಟ್ಟಿಯೊಳಗೆ ಗಾಜಿನ ಅಂಚುಗಳನ್ನು ತೂರಿಸಿ, ಒಂದು ಮೂಲೆಯಿಂದ ಜೋಡಿಸುತ್ತ ಬರುತ್ತಾರೆ. ಸೀಸ ಮೆತ್ತಗಿನ ಲೋಹವಾದ್ದರಿಂದ ಎಲೆಯ ಡೊಂಕಿಗೂ ನವಿಲಿನ ಕತ್ತಿಗೂ ಬಾಗುತ್ತದೆ. ಪಟ್ಟಿಗಳು ಕೂಡುವ ಕಡೆ ತವರ ಬೆರೆತ ಬೆಸುಗೆ ಬೀಳುತ್ತದೆ. ಕೊನೆಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಕಾಡಿಗೆ ಕಲಸಿದ ಪುಟ್ಟಿಯನ್ನು ಸಂದುಗಳಿಗೆ ಉಜ್ಜಿ ತುಂಬುತ್ತಾರೆ. ಗಾಜು ಅಲುಗದಂತೆ, ಮಳೆನೀರು ನುಗ್ಗದಂತೆ ಕಾಯುವುದು ಈ ಪುಟ್ಟಿಯೇ. ದೊಡ್ಡ ಕಿಟಕಿಗಳಿಗೆ ಅಡ್ಡಲಾಗಿ ಕಬ್ಬಿಣದ ಸಲಾಕೆ ಇಟ್ಟು, ತಾಮ್ರದ ತಂತಿಯಿಂದ ಕಟ್ಟುತ್ತಾರೆ.

ಮಾಸದ ಕೆಂಪು

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಕೆಂಪು ಬಿಸಿಲಿಗೆ, ದಿನ ಕಳೆದಂತೆ ಮಾಸುತ್ತದೆ. ಪೇಟೆಯ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಎದ್ದದ್ದು ಅದಕ್ಕೇ. ಗಾಜಿನ ಕೆಂಪಿಗೆ ಈ ಭಯವಿಲ್ಲ. ಗಾಜು ಕರಗಿ ಕುದಿಯುವಾಗಲೇ ಲೋಹ ಬೆರೆಸುವುದರಿಂದ ಬಣ್ಣ ಅದರ ಮೈಯಲ್ಲೇ ಇರುತ್ತದೆ. ಕೋಬಾಲ್ಟ್ ನೀಲಿ ಕೊಡುತ್ತದೆ, ಮ್ಯಾಂಗನೀಸ್ ನೇರಳೆ, ಕಬ್ಬಿಣ ಹಸಿರು, ತಾಮ್ರ ಅಥವಾ ಚಿನ್ನ ಕೆಂಪು. ತಾಮ್ರದ ಕೆಂಪು ಬಲು ಗಾಢ. ಇಡೀ ದಪ್ಪಕ್ಕೂ ಅದೇ ಇದ್ದರೆ ಗಾಜು ಕಪ್ಪಗೆ ಕಾಣುತ್ತದೆ. ಆದ್ದರಿಂದ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಹೊದಿಸುತ್ತಾರೆ. 14ನೇ ಶತಮಾನದ ಆರಂಭದಲ್ಲಿ ಬೆಳ್ಳಿಯ ಲವಣ ಬಳಿದು ಸುಟ್ಟು ಹಳದಿ ತರಿಸುವ ವಿದ್ಯೆ ಬಂತು. ಒಂದೇ ತುಂಡಿನಲ್ಲಿ ಬಿಳಿ ಮುಖವನ್ನೂ ಹೊನ್ನಿನ ಕೂದಲನ್ನೂ ತೋರಿಸಲು ಆಗ ಸಾಧ್ಯವಾಯಿತು.

ನೋಡಬೇಕಾದರೆ ಮೈಸೂರಿಗೆ

ಕರ್ನಾಟಕದಲ್ಲಿ ಈ ಕಲೆಯ ವೈಭವ ಕಾಣಬೇಕಾದರೆ ಮೈಸೂರಿಗೇ ಹೋಗಬೇಕು. 1897ರಲ್ಲಿ ಹಳೆಯ ಮರದ ಅರಮನೆ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಸಿಕ್ಕಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ಕ್ಕೆ ಮುಗಿಯಿತು. ಅದರ ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ಎರಕದ ಕಬ್ಬಿಣದ ಕಂಬಗಳ ಮೇಲೆ ನವಿಲುಗಳ ಬಣ್ಣದ ಗಾಜಿನ ಗುಮ್ಮಟ ನಿಂತಿದೆ. ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಎರಕದಮನೆ ಅದನ್ನು ತಯಾರಿಸಿ ಕೊಟ್ಟಿತು. ಅದೇ ಊರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಅಲ್ಲಿನ ಕಿಟಕಿಗಳಲ್ಲಿ ಕ್ರಿಸ್ತನ ಜೀವನದ ಘಟನೆಗಳಿವೆ. ಅರಮನೆಯ ಗಾಜು ತಲೆಯ ಮೇಲಿದೆ, ಚರ್ಚಿನ ಗಾಜು ಕಣ್ಣೆದುರಿಗಿದೆ. ಒಂದೇ ದಿನದಲ್ಲಿ ಎರಡನ್ನೂ ನೋಡಿದರೆ, ಬೆಳಕು ಬರುವ ದಿಕ್ಕು ಬದಲಾದಾಗ ಬಣ್ಣವೂ ಹೇಗೆ ಬದಲಾಗುತ್ತದೆ ಎಂಬುದು ತಿಳಿಯುತ್ತದೆ.

ಬಿಚ್ಚಿ ಕಟ್ಟುವ ವಿದ್ಯೆ

ಗಾಜು ಶತಮಾನಗಳ ಕಾಲ ಬಾಳುತ್ತದೆ, ಸೀಸಕ್ಕೆ ಅಷ್ಟು ಆಯುಷ್ಯವಿಲ್ಲ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಗಾಳಿಗೆ ಅಲುಗಿ, ಸುಮಾರು ನೂರು ವರ್ಷ ದಾಟುವ ಹೊತ್ತಿಗೆ ಅದು ದಣಿಯುತ್ತದೆ. ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಪುಟ್ಟಿ ಪುಡಿಯಾಗಿ ಉದುರುತ್ತದೆ, ಕಿಟಕಿ ಹೊಟ್ಟೆ ಬಿಟ್ಟು ಉಬ್ಬುತ್ತದೆ. ಇಲ್ಲಿಗೆ ಅದರ ಕಥೆ ಮುಗಿಯಿತೆಂದು ತಿಳಿಯಬಾರದು. ಸೀಸ ಬಿಚ್ಚಿ ಗಾಜನ್ನು ಹೊರತೆಗೆದು, ಹೊಸ ಸೀಸದಲ್ಲಿ ಮತ್ತೆ ಕೂರಿಸಬಹುದು. ಈ ಕಲೆಯ ದೊಡ್ಡ ಗುಣವೇ ಇದು, ಅದನ್ನು ಕಟ್ಟಿದವರು ರಿಪೇರಿಯ ದಾರಿಯನ್ನೂ ಅದರೊಳಗೇ ಇಟ್ಟಿದ್ದಾರೆ.

ಜೀರ್ಣೋದ್ಧಾರ ಮಾಡುವವರು ಮೊದಲು ಎರಡೂ ಬದಿಯ ಫೋಟೊ ತೆಗೆಯುತ್ತಾರೆ. ಕಿಟಕಿಯ ಮೇಲೆ ಕಾಗದ ಹಾಸಿ, ಮೇಣದ ಬಣ್ಣದ ಕಡ್ಡಿಯಿಂದ ಉಜ್ಜಿ ಸೀಸದ ಗೆರೆಗಳ ಅಚ್ಚು ಇಳಿಸುತ್ತಾರೆ. ಮರುಜೋಡಣೆಗೆ ಅದೇ ನಕ್ಷೆ. ಬರೆದ ಗೆರೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಶುದ್ಧ ನೀರು, ಹತ್ತಿಯಿಂದ ಒರೆಸುತ್ತಾರೆ. ಒಡೆದ ತುಂಡನ್ನು ಎಪಾಕ್ಸಿ ಅಂಟಿನಿಂದಲೋ ತಾಮ್ರದ ತೆಳು ಪಟ್ಟಿಯಿಂದಲೋ ಕೂಡಿಸುತ್ತಾರೆ. ಹಳೆಯದನ್ನು ಆದಷ್ಟು ಉಳಿಸಬೇಕು, ಇಂದು ಮಾಡಿದ್ದನ್ನು ಮುಂದಿನವರು ಬಿಚ್ಚುವಂತಿರಬೇಕು ಎಂಬುದು ಈ ಕೆಲಸದ ನೀತಿ.

ನಮ್ಮೂರಿನಲ್ಲಿ ಮಾಡಬಹುದಾದದ್ದು

ಬಾಗಿಲ ಮೇಲಿನ ಕಮಾನಿನಲ್ಲೋ ಕಿಟಕಿಯ ನೆತ್ತಿಯಲ್ಲೋ ಕೆಂಪು, ಹಸಿರು, ನೀಲಿ ಗಾಜು ಕೂರಿಸಿದ ಹಳೆಯ ಮನೆ ನಿಮ್ಮದಾಗಿದ್ದರೆ, ಕೆಡವುವ ಮೊದಲು ಒಂದು ಮಾತು. ಆ ಗಾಜನ್ನು ಚೌಕಟ್ಟಿನ ಸಮೇತ ಬಡಿಗರಿಂದ ಬಿಚ್ಚಿಸಿ. ಹಳೆಯ ಗಾಜಿನಲ್ಲಿ ಕಾಣುವ ಗುಳ್ಳೆ, ಅಲೆಗಳು ಕುಂದಲ್ಲ, ಅದು ತಯಾರಾದ ಬಗೆಯ ಗುರುತು. ಇಂದಿನ ಸಪಾಟು ಗಾಜಿನಲ್ಲಿ ಅವು ಸಿಗುವುದಿಲ್ಲ. ಒಡೆದ ಚೂರುಗಳನ್ನೂ ಎತ್ತಿಡಿ. ಆಸಿಡ್ ಹಾಕಿ ತೊಳೆಯಬೇಡಿ, ಬ್ಲೇಡಿನಿಂದ ಕೆರೆಯಬೇಡಿ, ಉಬ್ಬಿದ ಕಿಟಕಿಯನ್ನು ಒತ್ತಿ ನೆಟ್ಟಗೆ ಮಾಡಬೇಡಿ. ಸೀಸ ವಿಷ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಅದರ ಧೂಳು ಮಕ್ಕಳ ಮತ್ತು ಗರ್ಭಿಣಿಯರ ಹತ್ತಿರ ಸುಳಿಯಬಾರದು.

ಈ ವಿದ್ಯೆಗೆ ಬೇಕಾದ ಕೈಗಳು ನಮ್ಮಲ್ಲಿ ಇವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಗಾಜು ಕೊಯ್ಯುವವರು, ಬೆಸುಗೆ ಹಾಕುವವರು, ಚೌಕಟ್ಟು ಕೂಡಿಸುವವರು ದಿನವೂ ದುಡಿಯುತ್ತಿದ್ದಾರೆ. ಈ ಮೂರು ಕೆಲಸಗಳನ್ನು ಒಂದು ಮೇಜಿನ ಮೇಲೆ ತಂದರೆ ಅರ್ಧ ದಾರಿ ಸಾಗಿದಂತೆ. ಚಿತ್ರ ಬರೆಯುವ ಕೈಯೊಂದು ಅವರ ಜೊತೆ ಸೇರಬೇಕು. ಹಾವೇರಿ ಜಿಲ್ಲೆಯ ಐಟಿಐಗಳು ಮನಸ್ಸು ಮಾಡಿ ಒಂದು ಸಣ್ಣ ತರಬೇತಿ ಇಟ್ಟರೆ, ಹಳೆಯ ಮನೆಗಳ ಗಾಜೂ ಉಳಿಯುತ್ತದೆ, ಹೊಸ ಮನೆಗಳಿಗೆ ನಮ್ಮವರೇ ಕಟ್ಟಿದ ಕಿಟಕಿಯೂ ಸಿಗುತ್ತದೆ. ಕಲ್ಲಿನ ಜಾಲಂಧ್ರದ ವಿನ್ಯಾಸಗಳನ್ನು ಸೀಸ, ಗಾಜಿನಲ್ಲಿ ಮೂಡಿಸಲು ಈ ಜಿಲ್ಲೆಗಿಂತ ಹತ್ತಿರದ ಪಾಠಶಾಲೆ ಬೇರೆಲ್ಲಿದೆ?