ಟ್ಯಾಕ್ಸಿ, ಕ್ಯಾಬ್ ಮತ್ತು ನಾನು ತಿದ್ದಿಕೊಂಡ ಒಂದು ಪಾಠ

ಬೋಧನಾಭ್ಯಾಸಕ್ಕಾಗಿ ಸೇಡಂ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಒಂಬತ್ತನೇ ತರಗತಿಗೆ ‘ಚಲನೆ’ ಪಾಠ. ಓಡೋಮೀಟರ್ ವಿವರಿಸಿದ ಮೇಲೆ ಮೀಟರಿಗೆ ಇನ್ನೊಂದು ಉದಾಹರಣೆ ಇರಲೆಂದು, “ಮೀಟರ್ ನೋಡಿ ಬಾಡಿಗೆ ಕೊಡುವುದು ಟ್ಯಾಕ್ಸಿ, ಮೊದಲೇ ಬುಕ್ ಮಾಡುವುದು ಕ್ಯಾಬ್” ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನ ಹುಡುಗ ಎದ್ದುನಿಂತ. “ಮೇಡಂ, ನಮ್ಮ ಕಡಿ ಟ್ಯಾಕ್ಸಿಗಿ ಆ ಮೀಟರ್ ಇರಂಗಿಲ್ರಿ. ಮೊದ್ಲೇ ರೇಟ್ ಮಾತಾಡ್ತಾರ್ರಿ. ನಮ್ಮಪ್ಪ ಅದೇ ನಡಸ್ತಾನ್ರಿ.”

“ಅದು ಟ್ಯಾಕ್ಸಿ ಅಲ್ಲ, ಬಾಡಿಗೆ ಕಾರು” ಎಂದು ಕೂರಿಸಿದೆ. ಅವನು ಮತ್ತೆ ಕೈ ಎತ್ತಲಿಲ್ಲ.

ಸಂಜೆ ಹುಡುಕಿ ನೋಡಿದಾಗ ನನ್ನ ತಪ್ಪು ತಿಳಿಯಿತು. ‘ಕ್ಯಾಬ್’ ಮೋಟಾರಿಗಿಂತ ಹಳೆಯ ಪದ. ‘ಕ್ಯಾಬ್ರಿಯೊಲೆ’ ಎಂಬ ಒಂಟಿ ಕುದುರೆಯ ಹಗುರ ಬಂಡಿಯ ಹೆಸರು ಮೊಟಕಾಗಿ ಹುಟ್ಟಿದ್ದು. ದೂರ, ಕಾಲಗಳನ್ನು ಅಳೆದು ಬಾಡಿಗೆ ತೋರಿಸುವ ಸಾಧನ ಟ್ಯಾಕ್ಸಿಮೀಟರ್. ಅದನ್ನು ಅಳವಡಿಸಿದ ಕ್ಯಾಬ್ ‘ಟ್ಯಾಕ್ಸಿಕ್ಯಾಬ್’ ಆಯಿತು. ಜನರ ಬಾಯಲ್ಲಿ ‘ಟ್ಯಾಕ್ಸಿ’ ಉಳಿಯಿತು. ಅಂದರೆ ಒಂದು ಪದ ವಾಹನದಿಂದ, ಇನ್ನೊಂದು ಮೀಟರಿನಿಂದ ಬಂದದ್ದು. ಇಂದು ಎರಡೂ ಬಾಡಿಗೆ ಕಾರಿಗೇ ಸಲ್ಲುತ್ತವೆ.

1988ರ ಮೋಟಾರು ವಾಹನಗಳ ಕಾಯ್ದೆ ನೋಡುವುದು ಸೀಟುಗಳ ಲೆಕ್ಕ. ಚಾಲಕನನ್ನು ಬಿಟ್ಟು 6 ಪ್ರಯಾಣಿಕರವರೆಗಿನ ಬಾಡಿಗೆ ವಾಹನ ಮೋಟಾರು ಕ್ಯಾಬ್. 6ಕ್ಕಿಂತ ಹೆಚ್ಚು, 12ರವರೆಗೆ ಇದ್ದರೆ ಮ್ಯಾಕ್ಸಿ ಕ್ಯಾಬ್. ಈ ವ್ಯಾಖ್ಯೆಗಳಲ್ಲಿ ಬಾಡಿಗೆ ಮೀಟರಿನ ಮಾತೇ ಇಲ್ಲ. ಹುಡುಗ ಹೇಳಿದ್ದೇ ಸರಿ.

ಮರುದಿನ ತರಗತಿಯಲ್ಲಿ ನನ್ನ ತಪ್ಪು ಒಪ್ಪಿಕೊಂಡು ಕೇಳಿದೆ: “ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗೆ ಏನು ಹತ್ತಿ ಹೋಗ್ತೀರಿ? ಬಾಡಿಗೆ ಹ್ಯಾಂಗ ಕೊಡ್ತೀರಿ?” ಕ್ರೂಸರಿಗೆ ಸೀಟಿನ ಲೆಕ್ಕ, ಮದುವೆಗೆ ‘ಗಾಡಿ ಮಾಡಿದರೆ’ ಒಟ್ಟು ರೊಕ್ಕ ಅಥವಾ ಕಿಲೋಮೀಟರ್ ಲೆಕ್ಕ ಎಂದು ಹಲಗೆ ತುಂಬಿತು. ಆಗ ಅದೇ ಹುಡುಗ, “ನಮ್ಮಪ್ಪ ಗಾಡಿ ಬಿಡೂಮುಂದ ಕಿಲೋಮೀಟರ್ ಬರ್ಕೋತಾನ್ರಿ, ಬಂದಮ್ಯಾಲ ಕಳೀತಾನ್ರಿ” ಎಂದ.

ಅಂತಿಮ ಅಳತೆಯಿಂದ ಆರಂಭದ ಅಳತೆ ಕಳೆದರೆ ಕ್ರಮಿಸಿದ ದೂರ. ನಾನು ಕಲಿಸಬೇಕಿದ್ದ ಓಡೋಮೀಟರ್ ಪಾಠ ಅವನ ಮನೆಯಲ್ಲೇ ಇತ್ತು. ಮುಂದಿನ ಹೆಜ್ಜೆಯೂ ಅಲ್ಲಿಂದಲೇ ಸಿಕ್ಕಿತು: ಸೇಡಂನಿಂದ ಚಿಂಚೋಳಿಗೆ ಹೋಗಿ ಹೊರಟಲ್ಲಿಗೇ ಮರಳಿದರೆ ಸ್ಥಾನಪಲ್ಲಟ ಸೊನ್ನೆ. ಬಾಡಿಗೆಯೂ ಸೊನ್ನೆಯೇ ಎಂದು ಕೇಳಿದೆ. ತರಗತಿ ನಕ್ಕಿತು, ದೂರಕ್ಕೂ ಸ್ಥಾನಪಲ್ಲಟಕ್ಕೂ ಇರುವ ವ್ಯತ್ಯಾಸವನ್ನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವನ್ನು ನಾವು ಮನೆಯಲ್ಲೇ ಕುಳಿತು ತುಂಬಿಬಿಡುತ್ತೇವೆ. ಈಗ ನಾನು ಅಲ್ಲಿ ಎರಡು ಸಾಲು ಖಾಲಿ ಬಿಟ್ಟುಕೊಂಡೇ ತರಗತಿಗೆ ಹೋಗುತ್ತೇನೆ.