‘ನನ್ನ ಪಾಳಿ ಯಾವಾಗ್ರಿ?’

ಶನಿವಾರ ಸಂಜೆ ಏಳಾದರೆ ಕೊಂಡಾಪುರದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ತಟ್ಟೆಗಳಿಗೆ ಜಾಗವಿರುವುದಿಲ್ಲ. ಇಪ್ಪತ್ತು ಮುಖದ ದಾಳಗಳು, ಪೆನ್ಸಿಲ್, ಕೈಯಲ್ಲಿ ಗೀಚಿದ ಗುಹೆಯ ನಕ್ಷೆ, ಉಸ್ಮಾನಿಯಾ ಬಿಸ್ಕತ್ತಿನ ಡಬ್ಬ, ಫ್ಲಾಸ್ಕಿನಲ್ಲಿ ಇರಾನಿ ಚಹಾ. ಸುತ್ತ ಆರು ಜನ. ನಾವು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ, ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಹಾಸನದಲ್ಲಿರುವ ಅಮ್ಮನಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. ‘ಎಂಟೆಕ್ ಮಾಡಿದೋನು, ರಾಕ್ಷಸರ ಜೊತೆ ಯುದ್ಧ ಮಾಡ್ತೀನಿ ಅಂತ ಕೂತಿರ್ತೀಯಲ್ಲೋ’ ಎಂಬುದು ಅವರ ಕೊನೆಯ ತೀರ್ಪು.

ನಮ್ಮ ಮೇಜಿನಲ್ಲಿ ಕಥೆ ನಡೆಸುವವನು ನಾನು. ಕಳೆದ ವರ್ಷ ನಾನೊಂದು ಜಾಣತನ ಮಾಡಿದೆ. ಯುದ್ಧದಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಗೊತ್ತುಮಾಡುವ ನಿಯಮವನ್ನೇ ತೆಗೆದುಹಾಕಿದೆ.

ಆ ನಿಯಮಕ್ಕೆ ‘ಇನಿಷಿಯೇಟಿವ್’ ಎಂದು ಹೆಸರು. ಕತ್ತಿ ಹೊರಬಂದ ಕ್ಷಣ ಎಲ್ಲರೂ ಇಪ್ಪತ್ತರ ದಾಳ ಉರುಳಿಸಿ, ತಮ್ಮ ಪಾತ್ರದ ಚುರುಕುತನದ ಅಂಕ ಕೂಡಿಸಬೇಕು. ಹೆಚ್ಚು ಬಂದವರು ಮೊದಲು. ರಾಕ್ಷಸರಿಗೂ ಅದೇ ಲೆಕ್ಕ. ಯುದ್ಧ ಮುಗಿಯುವವರೆಗೆ ಸರದಿ ಅದೇ ಕ್ರಮದಲ್ಲಿ ಸುತ್ತುತ್ತದೆ. ಕಾಗದದ ಮೇಲೆ ಸರಳ. ಆದರೆ ಕಥೆ ಕಾವೇರಿದಾಗ ಎಲ್ಲರನ್ನೂ ತಡೆದು ‘ನಿಂದೆಷ್ಟು? ಹದಿನಾಲ್ಕಾ? ನಿಂದು?’ ಎಂದು ಪಟ್ಟಿ ಬರೆಯುವುದಿದೆಯಲ್ಲ, ಅದು ಸಿನಿಮಾದ ಫೈಟಿನ ನಡುವೆ ಕರೆಂಟು ಹೋದ ಹಾಗೆ. ಅದಕ್ಕೇ ‘ಯಾರು ಏನು ಮಾಡ್ತೀರಿ, ಹೇಳಿ’ ಎಂದು ಕೇಳಿ, ಮೊದಲು ಹೇಳಿದವರಿಗೆ ಮೊದಲು ಎಂದುಬಿಟ್ಟೆ. ಆಟಕ್ಕೆ ವೇಗ ಬಂತು. ಎಲ್ಲರಿಗೂ ಖುಷಿ ಎಂದುಕೊಂಡೆ.

ನಮ್ಮ ಜೊತೆ ಲಿಂಗಸುಗೂರಿನ ಹುಡುಗನೊಬ್ಬ ಇದ್ದಾನೆ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ನನ್ನ ಟೀಮಿನವನೇ. ರಾಯಚೂರು ಕಡೆಯವನಾದ್ದರಿಂದ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ನಮ್ಮ ಮೇಜಿನ ಭಾಷೆ ಇಂಗ್ಲಿಷು, ಅದರೊಳಗೆ ಹಿಂದಿ, ಅದರ ಮೇಲೆ ಹೈದರಾಬಾದಿನ ‘ಹೌ’, ‘ನಕ್ಕೊ’. ಅವನು ಮನಸ್ಸಿನಲ್ಲಿ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಇನ್ನಿಬ್ಬರು ಬಾಣ ಬಿಟ್ಟಾಗಿರುತ್ತಿತ್ತು. ಒಂದು ರಾತ್ರಿ ಚಹಾ ಬಗ್ಗಿಸಿಕೊಳ್ಳುವಾಗ ಮೆಲ್ಲಗೆ ಕೇಳಿದ: ‘ಸರ್, ನನ್ನ ಪಾಳಿ ಯಾವಾಗ್ರಿ?’ ನಾನು ನಕ್ಕು, ‘ಕೂಗಿ ಹೇಳಪ್ಪ, ಇಲ್ಲಿ ಎಲ್ಲರೂ ಹಾಗೇ’ ಎಂದೆ.

ಮುಂದಿನ ವಾರ ಅವನ ಪಾತ್ರ ಸತ್ತಿತು.

ಸತ್ತದ್ದು ಹೇಗೆಂದು ಸ್ವಲ್ಪ ಬಿಡಿಸಿ ಹೇಳಬೇಕು, ತಪ್ಪು ಅಲ್ಲೇ ಇದೆ. ಈ ಆಟದಲ್ಲಿ ಪ್ರಾಣದ ಅಂಕ ಸೊನ್ನೆಗೆ ಇಳಿದ ಕೂಡಲೇ ಪಾತ್ರ ಸಾಯುವುದಿಲ್ಲ, ಬಿದ್ದಿರುತ್ತದೆ. ತನ್ನ ಸರದಿ ಬಂದಾಗಲೆಲ್ಲ ಒಂದು ದಾಳ ಉರುಳಿಸುತ್ತದೆ. ಹತ್ತು ಅಥವಾ ಹೆಚ್ಚು ಬಂದರೆ ಉಳಿವಿನ ಕಡೆಗೆ ಒಂದು ಗುರುತು, ಕಡಿಮೆ ಬಂದರೆ ಸಾವಿನ ಕಡೆಗೆ ಒಂದು. ಯಾವ ಕಡೆ ಮೊದಲು ಮೂರಾಗುತ್ತದೋ ಅದು ಗಟ್ಟಿ. ಎರಡು ದಾಳಗಳ ನಡುವೆ ಗೆಳೆಯರೆಲ್ಲರಿಗೂ ಒಂದೊಂದು ಸರದಿ ಸಿಕ್ಕೇ ಸಿಗುತ್ತದೆ. ಯಾರಾದರೂ ಓಡಿಬಂದು ಬಾಯಿಗೆ ಮದ್ದು ಹಾಕಬಹುದು. ನಾನು ಸರದಿಯನ್ನೇ ಕಿತ್ತಿದ್ದೆನಲ್ಲ, ಬಿದ್ದವನು ಯಾವಾಗ ದಾಳ ಹಾಕಬೇಕು? ನನಗೆ ಒಂದು ಸುತ್ತು ಮುಗಿಯಿತು ಎನಿಸಿದಾಗಲೆಲ್ಲ ‘ಹಾಕು’ ಎಂದೆ. ಅವನು ಹಾಕಿದ. ಮದ್ದು ಇಟ್ಟುಕೊಂಡಿದ್ದ ಹುಡುಗಿಯೂ ಮೆದು ಮಾತಿನವಳೇ, ಅವಳ ದನಿ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಮೂರು ಸಲವೂ ಹತ್ತರ ಕೆಳಗೆ. ಆ ಯುದ್ಧದಲ್ಲಿ ಅವನು ಕತ್ತಿಯನ್ನು ಒಮ್ಮೆಯೂ ಬೀಸಿರಲಿಲ್ಲ.

ದಾಳಗಳನ್ನು ಪುಟ್ಟ ಬಟ್ಟೆಚೀಲಕ್ಕೆ ಹಾಕಿಕೊಂಡು ಹೊರಟ. ಮುಂದಿನ ಎರಡು ಶನಿವಾರ ಬರಲಿಲ್ಲ. ಆಫೀಸಿನಲ್ಲಿ ಮಾತ್ರ ‘ಅರಾಮ್ ಇದೀನ್ರಿ ಸರ್’.

ಆ ಎರಡು ವಾರದಲ್ಲಿ ಹಳೆಯ ನಿಯಮ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದದ್ದು 1974ರಲ್ಲಿ. ಅದರ ಬೇರು ಸೈನ್ಯಗಳನ್ನು ನಡೆಸುವ ಯುದ್ಧದಾಟಗಳಲ್ಲಿತ್ತು. 1981ರ ಬೇಸಿಕ್ ಪುಸ್ತಕದಲ್ಲೂ ಒಂದೊಂದು ಪಕ್ಷಕ್ಕೆ ಆರು ಮುಖದ ಒಂದೇ ದಾಳ. ಗೆದ್ದ ಪಕ್ಷದವರೆಲ್ಲ ಮೊದಲು, ಸುತ್ತು ಸುತ್ತಿಗೂ ಹೊಸ ದಾಳ. ಒಬ್ಬೊಬ್ಬರೂ ಇಪ್ಪತ್ತರ ದಾಳವನ್ನು ಒಂದೇ ಸಲ ಹಾಕಿ, ಅದೇ ಕ್ರಮ ಕೊನೆಯವರೆಗೆ ಎಂಬ ಈಗಿನ ಪದ್ಧತಿ ಬಂದದ್ದು 2000ದ ಮೂರನೇ ಆವೃತ್ತಿಯಲ್ಲಿ. 2024ರ ಪರಿಷ್ಕರಣೆಯಲ್ಲಿ ಇನ್ನೊಂದು ಬದಲಾವಣೆ. ಮೊದಲೆಲ್ಲ ಹೊಂಚುದಾಳಿಗೆ ಸಿಕ್ಕಿ ಬೆಚ್ಚಿಬಿದ್ದವರು ಮೊದಲ ಸರದಿಯಲ್ಲಿ ಏನೂ ಮಾಡುವಂತಿರಲಿಲ್ಲ. ಈಗ ಎರಡು ದಾಳ ಹಾಕಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು, ಅಷ್ಟೆ. ತಡವಾಗಬಹುದು, ತಪ್ಪುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಇದು.

ಸರದಿಯೇ ಬೇಡ ಎನ್ನುವ ಆಟಗಳೂ ಇವೆ. 2025ರಲ್ಲಿ ಬಂದ ‘ಡ್ಯಾಗರ್‌ಹಾರ್ಟ್’ನಲ್ಲಿ ಇನಿಷಿಯೇಟಿವ್ ಇಲ್ಲ, ಕಥೆ ಯಾರತ್ತ ತಿರುಗುತ್ತದೋ ಅವರದೇ ಆಟ. ನಾನು ಕದ್ದದ್ದು ಆ ಕಡೆಯ ಗಾಳಿಯನ್ನೇ. ಆದರೆ ಅವರೂ ಐಚ್ಛಿಕ ನಿಯಮವೊಂದನ್ನು ಸೇರಿಸಿದ್ದಾರೆ. ಪ್ರತಿಯೊಬ್ಬರ ಮುಂದೆ ಕೆಲವು ಟೋಕನ್ ಇಡಿ, ಆಡಿದಾಗ ಒಂದು ಕಳೆಯಿರಿ, ಮುಗಿದವರು ಉಳಿದವರದ್ದೂ ಮುಗಿಯುವವರೆಗೆ ಕಾಯಲಿ. ಆ ಪುಟವನ್ನು ನಾನು ಓದಿರಲಿಲ್ಲ.

ಆಪರೇಟಿಂಗ್ ಸಿಸ್ಟಮ್ ಪಾಠ ಓದಿದವನಿಗೆ ಇದು ಹೊಳೆಯಬೇಕಿತ್ತು. ಸದಾ ಆದ್ಯತೆ ಇರುವ ಕೆಲಸಕ್ಕೇ ಪ್ರೊಸೆಸರ್ ಕೊಡುತ್ತಾ ಹೋದರೆ ಸಾಲಿನ ಕೊನೆಯದು ಎಂದೂ ನಡೆಯುವುದಿಲ್ಲ. ಅದಕ್ಕೆ ‘ಸ್ಟಾರ್ವೇಶನ್’ ಎಂದೇ ಹೆಸರು, ಉಪವಾಸ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ಲೆಕ್ಕವನ್ನೂ ಹಾಕಿ ನೋಡಿದೆ. ನಮ್ಮ ಮೇಜಿನಲ್ಲಿ ಎಲ್ಲರಿಗಿಂತ ಚುರುಕಾದ ಕಳ್ಳ ಪಾತ್ರಕ್ಕೆ ದಾಳದ ಮೇಲೆ 4 ಅಂಕ ಹೆಚ್ಚು, ಆ ಹುಡುಗನ ಭಾರದ ಕವಚದ ಯೋಧನಿಗೆ ಸೊನ್ನೆ. ಇಬ್ಬರೂ ದಾಳ ಹಾಕಿದರೆ ನೂರಕ್ಕೆ 66 ಸಲ ಕಳ್ಳನೇ ಮೊದಲು, 4 ಸಲ ಸಮ. ಉಳಿದ 30 ಸಲ ನಿಧಾನದವನು ಮುಂದೆ. ನನ್ನ ‘ಕೂಗಿದವರಿಗೆ ಮೊದಲು’ ಪದ್ಧತಿಯಲ್ಲಿ ಆ ಮೂವತ್ತು ಎಲ್ಲಿತ್ತು?

ಇದೆಲ್ಲ ಗೊತ್ತಾಗಲು ಅಮೆರಿಕದ ಪುಸ್ತಕವೇ ಬೇಕಿರಲಿಲ್ಲ. ರಜೆಯಲ್ಲಿ ಅಜ್ಜಿಯ ಮನೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಐದೈದು ಮನೆ ಗೀಚಿ ಚೌಕಾಬಾರ ಆಡುತ್ತಿದ್ದೆವು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಕವುಚಿದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕುವ ಭಾಗ್ಯ. ಎದುರಾಳಿಯ ಕಾಯಿ ಹೊಡೆದರೂ ಇನ್ನೊಂದು. ಅದೃಷ್ಟ ಕುದುರಿದವನು ಹಾಕುತ್ತಲೇ ಇರುತ್ತಿದ್ದ. ಆದರೂ ಕವಡೆ ಕೊನೆಗೆ ಪಕ್ಕದವರ ಕೈಗೆ ಹೋಗಲೇಬೇಕು. ನನ್ನ ತಂಗಿಗೆ ಆಗ ಐದು ವರ್ಷ, ಕವಡೆ ಹಿಡಿಯಲೂ ಬರುತ್ತಿರಲಿಲ್ಲ. ಅವಳನ್ನು ಹಾರಿಸಿ ಮುಂದೆ ಹೋದರೆ ಅಜ್ಜಿ ಕವಡೆಗಳನ್ನೇ ಎತ್ತಿಟ್ಟುಬಿಡುತ್ತಿದ್ದರು. ಇಲ್ಲಿ ತೆಲುಗರು ಈ ಆಟವನ್ನು ಅಷ್ಟಾ ಚಮ್ಮಾ ಎನ್ನುತ್ತಾರೆ. ನಾನು ಮನೆಗಳನ್ನು ಗೀಚಿ ತೋರಿಸಿದಾಗ ವರಂಗಲ್ಲಿನ ಗೆಳೆಯ, ‘ಇದು ನಮ್ಮದು’ ಎಂದು ಜಗಳಕ್ಕೇ ನಿಂತ.

ಮೂರನೇ ವಾರ ಲಿಂಗಸುಗೂರಿನವನನ್ನು ಆಫೀಸಿನ ಕ್ಯಾಂಟೀನಿಗೆ ಕರೆದೆ. ನಿನ್ನ ಯೋಧ ಸಾಯಬಾರದಿತ್ತು, ತಪ್ಪು ನನ್ನದು ಎಂದೆ. ಅವನು ಚಹಾದ ಲೋಟ ತಿರುಗಿಸುತ್ತಾ, ‘ಸತ್ತದ್ದಕ್ಕೇನಿಲ್ರಿ ಸರ್. ಒಂದ್ ಸಲ ಹೊಡೆದು ಸತ್ತಿದ್ರ ಚೊಲೋ ಇತ್ತು’ ಎಂದ. ಸ್ವಲ್ಪ ತಡೆದು, ‘ಸ್ಟ್ಯಾಂಡಪ್‌ನ್ಯಾಗೂ ಹಂಗs ಆಗ್ತದ್ರಿ’ ಎಂದು ಸೇರಿಸಿದ. ಬೆಳಗಿನ ಆ ಹದಿನೈದು ನಿಮಿಷದ ಮೀಟಿಂಗನ್ನು ನಡೆಸುವವನೂ ನಾನೇ. ‘ಯಾರು ಶುರು ಮಾಡ್ತೀರಿ?’ ಎಂದು ಅಲ್ಲೂ ದಿನಾ ಕೇಳುತ್ತಿದ್ದೆ. ಅವನ ಹೊತ್ತಿಗೆ ಸಮಯ ಮುಗಿದು, ‘ನಿಂದು ಮೆಸೇಜ್ ಹಾಕಿಬಿಡು’ ಎಂದ ದಿನಗಳು ಎಷ್ಟೋ. ಆ ಲೆಕ್ಕ ನನ್ನಲ್ಲಿಲ್ಲ.

ಈಗ ಫ್ಲ್ಯಾಟಿನ ಗೋಡೆಗೆ ಸಣ್ಣ ವೈಟ್‌ಬೋರ್ಡ್ ಬಂದಿದೆ. ಯುದ್ಧ ಶುರುವಾದರೆ ಎಲ್ಲರೂ ದಾಳ ಹಾಕುತ್ತಾರೆ, ಮದ್ದಿನ ಹುಡುಗಿ ಹೆಸರುಗಳನ್ನು ಮೇಲಿಂದ ಕೆಳಗೆ ಬರೆಯುತ್ತಾಳೆ. ಎರಡು ನಿಮಿಷ ಹೋಗುತ್ತದೆ, ಕಥೆಯ ಕಾವು ಸ್ವಲ್ಪ ಇಳಿಯುವುದೂ ನಿಜ. ಬೆಳಗಿನ ಮೀಟಿಂಗಿಗೂ ಒಂದು ಪಟ್ಟಿ ಮಾಡಿದ್ದೇನೆ, ದಿನಕ್ಕೊಂದು ಹೆಸರು ಮೇಲಕ್ಕೆ ಸರಿಯುತ್ತದೆ.

ಹುಡುಗ ಹೊಸ ಪಾತ್ರ ಮಾಡಿಕೊಂಡು ಬಂದ. ಮತ್ತೆ ಭಾರದ ಕವಚ, ಮತ್ತೆ ಸೊನ್ನೆ. ಕಳೆದ ಶನಿವಾರ ಸೇತುವೆಯ ಮೇಲೆ ದೈತ್ಯ ಅಡ್ಡಗಟ್ಟಿದಾಗ ಅವನ ದಾಳ ಹತ್ತೊಂಬತ್ತಕ್ಕೆ ನಿಂತಿತು. ಕಳ್ಳನಿಗಿಂತ ಮೇಲೆ, ಪಟ್ಟಿಯಲ್ಲಿ ಮೊದಲನೆಯವನು. ‘ಹೇಳು’ ಎಂದೆ. ಅವನು ನಕ್ಷೆಯತ್ತ ಬಾಗಿ ಬಹಳ ಹೊತ್ತು ಯೋಚಿಸಿದ. ವರಂಗಲ್ಲಿನವನು ಏನೋ ಹೇಳಲು ಬಾಯಿ ತೆರೆದು, ಬೋರ್ಡಿನತ್ತ ನೋಡಿ ಬಿಸ್ಕತ್ತು ಕೈಗೆತ್ತಿಕೊಂಡ. ಲೋಟದಲ್ಲಿದ್ದ ಚಹಾ ಆರಿಹೋಯಿತು. ‘ನಾ ಮೊದಲs ಹೊಡಿಯಂಗಿಲ್ರಿ’ ಎಂದ ಕೊನೆಗೆ, ‘ದೈತ್ಯನ ಜೋಡಿ ಮಾತಾಡ್ತೀನ್ರಿ.’